ಪ್ರಶ್ನೆಯಲ್ಲೇ ಉತ್ತರ ಅಡಗಿದ್ದರೆ ಮಗುವಿನ ತಿಳಿವಳಿಕೆ ಸಿಗದು

ಮಾನ್ಯ ಸಂಪಾದಕರೇ,

ಪುಟ್ಟ ಮಕ್ಕಳಲ್ಲಿ ಗಂಡು, ಹೆಣ್ಣೆಂಬ ಅರಿವು ಹೇಗೆ ಮೂಡುತ್ತದೆಂದು ತಿಳಿಯಲು ನಮ್ಮ ಜಿಲ್ಲೆಯ ಅಂಗನವಾಡಿಗಳಿಗೆ ಹೋಗುವ ಸಂಶೋಧನಾ ವಿದ್ಯಾರ್ಥಿಗಳಿಗೂ ಅವರ ಮಾರ್ಗದರ್ಶಕರಿಗೂ ಈ ಪತ್ರ.

ಸುಮಾರು 3 ವರ್ಷಕ್ಕೆ ಮಗು ತಾನು ಹುಡುಗನೋ ಹುಡುಗಿಯೋ ಹೇಳಬಲ್ಲದು. ಬಟ್ಟೆ, ಜುಟ್ಟು ಬದಲಾದರೂ ಅದು ಬದಲಾಗದೆಂಬ ತಿಳಿವಳಿಕೆ ಬಲಿಯುವುದು ಸಾಮಾನ್ಯವಾಗಿ 6-7 ವರ್ಷಕ್ಕೆ. ಮನೋವಿಜ್ಞಾನಿ ಲಾರೆನ್ಸ್ ಕೋಲ್‌ಬರ್ಗ್ 1966ರಲ್ಲಿ ಮಂಡಿಸಿದ ಈ ವಿಚಾರವನ್ನು ಸಂಶೋಧಕರಾದ ಸ್ಲೇಬಿ ಮತ್ತು ಫ್ರೇ 1975ರಲ್ಲಿ ಪ್ರಶ್ನಾವಳಿಯಾಗಿಸಿದರು. ಅದನ್ನು ಇಂಗ್ಲಿಷಿನಿಂದ ನೇರವಾಗಿ ಕನ್ನಡಕ್ಕಿಳಿಸಿದರೆ ಪರೀಕ್ಷೆಯೇ ಕೆಡುತ್ತದೆ.

‘ನೀನು ದೊಡ್ಡವನಾದ ಮೇಲೆ ಅಪ್ಪ ಆಗ್ತೀಯಾ, ಅಮ್ಮ ಆಗ್ತೀಯಾ?’ ಎಂದರೆ ‘ದೊಡ್ಡವನಾದ’ ಎನ್ನುವಲ್ಲೇ ಉತ್ತರ ಕೊಟ್ಟಂತಾಯಿತು. ಮಗು ಯೋಚಿಸದೆ ಸರಿ ಹೇಳುತ್ತದೆ, ಅಂಕ ಸುಳ್ಳಾಗಿ ಏರುತ್ತದೆ. ‘ನೀನು ಬೆಳೆದ ಮೇಲೆ’ ಎಂದು ಕೇಳಿ. ಚಿತ್ರ ತೋರಿಸುವಾಗಲೂ ‘ಇವನು ಲಂಗ ಹಾಕಿಕೊಂಡರೆ’ ಎನ್ನದೆ ‘ಈ ಮಗು ಲಂಗ ಹಾಕಿಕೊಂಡರೆ’ ಎನ್ನಿ. ‘ಮಗು ಬಂತು’ ಎನ್ನುವ ಸೌಕರ್ಯ ನಮ್ಮ ಮಾತಿನಲ್ಲೇ ಇರುವಾಗ ಬಳಸದಿರುವುದೇಕೆ?

ಭಾಷೆಯ ಪ್ರಭಾವ ಊಹೆಯಲ್ಲ. ಗಿಯೋರಾ ಮತ್ತು ಸಂಗಡಿಗರು 1982ರಲ್ಲಿ ಹೀಬ್ರೂ, ಇಂಗ್ಲಿಷ್, ಫಿನ್ನಿಷ್ ಮಾತಾಡುವ ಮಕ್ಕಳನ್ನು ಹೋಲಿಸಿದಾಗ, ತಾನು ಗಂಡೋ ಹೆಣ್ಣೋ ಎಂದು ಅರಿಯುವುದರಲ್ಲಿ, ಗಂಡು-ಹೆಣ್ಣಿನ ಗುರುತು ಮಾತಿನ ತುಂಬ ಇರುವ ಹೀಬ್ರೂ ಮಕ್ಕಳು ಮುಂದಿದ್ದರು, ‘ಅವನು, ಅವಳು’ ಎರಡಕ್ಕೂ ಒಂದೇ ಪದವಿರುವ ಫಿನ್ನಿಷ್ ಮಕ್ಕಳು ಹಿಂದಿದ್ದರು. ಕನ್ನಡದ ಮಗು ಗಂಡಾಗಲಿ ಹೆಣ್ಣಾಗಲಿ ‘ಹೋಗ್ತೀನಿ’ ಎನ್ನುತ್ತದೆ; ಹಿಂದಿಯ ಮಗು ‘ಜಾತಾ ಹೂಂ’, ‘ಜಾತೀ ಹೂಂ’ ಎಂದು ಆಗಲೇ ಬೇರೆಯಾಗಿ ಹೇಳಬೇಕು. ಸಕಲೇಶಪುರದ ಕಾಫಿ ತೋಟಗಳಲ್ಲಿ ಉತ್ತರದಿಂದ ಬಂದ ಕಾರ್ಮಿಕರ ಮಕ್ಕಳೂ ಇರುತ್ತಾರೆ. ಮನೆಮಾತು ಬರೆದುಕೊಳ್ಳದೆ ಎಲ್ಲರನ್ನೂ ಒಂದೇ ಕೋಷ್ಟಕಕ್ಕೆ ಸೇರಿಸಿದರೆ ಆ ಸರಾಸರಿಗೆ ಅರ್ಥವಿಲ್ಲ.

ನಮ್ಮ ಕಡೆ ಹೆಣ್ಣುಮಗುವನ್ನೂ ಅಕ್ಕರೆಯಿಂದ ‘ಬಾರೋ ಮಗನೇ’ ಎನ್ನುತ್ತೇವೆ. ಹಾಗಾಗಿ ಹುಡುಗಿಯೊಬ್ಬಳು ‘ನಾನು ಅಮ್ಮನ ಮಗ’ ಎಂದರೆ ಅದನ್ನು ಗೊಂದಲವೆಂದು ಗುರುತು ಹಾಕಬೇಡಿ.

ಸಣ್ಣ ಮಕ್ಕಳು ಕೊನೆಯಲ್ಲಿ ಕೇಳಿದ ಪದವನ್ನೇ ಮರಳಿ ಹೇಳುವುದುಂಟು. ಅರ್ಧ ಮಕ್ಕಳಿಗೆ ‘ಹುಡುಗನಾ, ಹುಡುಗಿನಾ’, ಉಳಿದರ್ಧಕ್ಕೆ ತಿರುಗಿಸಿ ಕೇಳಿ. ಉತ್ತರ ಬಂದ ಮೇಲೆ ಅದೇ ಪ್ರಶ್ನೆ ಮತ್ತೆ ಬೇಡ. ಮೊದಲು ಹೇಳಿದ್ದು ತಪ್ಪಿರಬೇಕೆಂದು ಮಗು ಮಾತು ಬದಲಿಸುತ್ತದೆ. ‘ಲಂಗ ಹಾಕಿದ್ರೆ ಹುಡುಗಿ’ ಎಂದಾಗ ‘ಆಟಕ್ಕಾ, ನಿಜವಾಗ್ಲೂನಾ?’ ಎಂದು ವಿಚಾರಿಸಿ. ವೇಷದ ಆಟವೆಂದುಕೊಂಡು ಉತ್ತರಿಸುವ ಮಕ್ಕಳಿದ್ದಾರೆ. ವಯಸ್ಸನ್ನು ತಾಯಿ ಕಾರ್ಡ್ ನೋಡಿ ತಿಂಗಳಲ್ಲಿ ಬರೆಯಿರಿ. ಈ ಪ್ರಾಯದಲ್ಲಿ ಆರು ತಿಂಗಳು ದೊಡ್ಡ ಅಂತರ.

ಅಂಗನವಾಡಿ ಕಾರ್ಯಕರ್ತೆಯ ಒಪ್ಪಿಗೆ ತಂದೆತಾಯಿಯ ಒಪ್ಪಿಗೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ 7 ವರ್ಷ ದಾಟಿದ ಮಗುವಿನ ಸಮ್ಮತಿಯೂ ಬೇಕು. ಅದಕ್ಕಿಂತ ಚಿಕ್ಕದಾದರೂ ಎದ್ದು ಹೋದರೆ ಅಲ್ಲಿಗೇ ನಿಲ್ಲಿಸಿ. ಈ ಉತ್ತರಗಳಿಂದ ಮಗುವಿನ ಮುಂದಿನ ಬದುಕನ್ನು ಹೇಳಲಾಗದೆಂಬುದನ್ನೂ ಮನೆಯವರಿಗೆ ಮೊದಲೇ ತಿಳಿಸಿ.

ಪ್ರಬಂಧದ ಅನುಬಂಧದಲ್ಲಿ ಇಂಗ್ಲಿಷ್ ಪ್ರಶ್ನಾವಳಿಯಷ್ಟೇ ಇದ್ದರೆ ಸಾಲದು. ಮಕ್ಕಳಿಗೆ ಕೇಳಿದ ಕನ್ನಡ ಮಾತುಗಳನ್ನು ಕೇಳಿದಂತೆಯೇ ಅಚ್ಚು ಹಾಕಿಸುವಂತೆ ಕಾಲೇಜುಗಳು ನಿಯಮ ಮಾಡಲಿ.

– ಶಿಶು ವಿಕಾಸ ವಿಷಯದ ಬೋಧಕರು, ಹಾಸನ