ಅಮ್ಮನ ದುಡ್ಡು ಅಮ್ಮನಿಗೇ ಸಿಗುತ್ತಿಲ್ಲ

ಕರ್ನಾಟಕದ ಹಿರಿಯ ನಾಗರಿಕರ ಸಬಲೀಕರಣ ಸಚಿವರಿಗೆ,

ನಮಸ್ಕಾರ. ನನ್ನ ಅಮ್ಮನಿಗೆ 78 ವರ್ಷ. ಹಾಸನ ಜಿಲ್ಲೆಯ ಸರ್ಕಾರಿ ಶಾಲೆಯಲ್ಲಿ ಟೀಚರಾಗಿದ್ದವರು. ಈಗ ಮರೆವಿನ ಕಾಯಿಲೆ. ಗ್ಯಾಸ್ ಹಚ್ಚಿಟ್ಟು ಮರೆಯುವುದು, ರಾತ್ರಿ ಎರಡು ಗಂಟೆಗೆ ಸೀರೆ ಉಟ್ಟು ಶಾಲೆಗೆ ಹೊರಡುವುದು ಶುರುವಾದ ಮೇಲೆ ಬೆಂಗಳೂರಿನ ಹೊರಗಿನ ಒಂದು ಆರೈಕೆ ಕೇಂದ್ರಕ್ಕೆ ಸೇರಿಸಿದೆವು. ಹೆತ್ತವಳನ್ನು ಆಶ್ರಮಕ್ಕೆ ಬಿಟ್ಟರು ಅಂತ ಊರಲ್ಲಿ ಮಾತು ಬಂತು. ಬರಲಿ ಬಿಡಿ.

ತಿಂಗಳಿಗೆ 38 ಸಾವಿರ. ಡೈಪರ್, ಔಷಧಿ ಬಿಲ್ ಬೇರೆ. ಸೇರಿಸುವಾಗ ಒಂದೂವರೆ ಲಕ್ಷ ಡೆಪಾಸಿಟ್ ಕಟ್ಟಿದ್ದೇವೆ. ಅದರಲ್ಲಿ ಎಷ್ಟು ವಾಪಸ್ ಬರುತ್ತದೆ ಅಂತ ಕೇಳಿದರೆ ‘ಆಮೇಲೆ ನೋಡೋಣ’ ಅನ್ನುತ್ತಾರೆ. ವಿಮೆ ಇದಕ್ಕೆ ಬರುವುದಿಲ್ಲ. 2024ರಲ್ಲಿ 70 ದಾಟಿದವರಿಗೆಲ್ಲ ವಿಸ್ತರಿಸಿದ ಆಯುಷ್ಮಾನ್ ಯೋಜನೆಯ 5 ಲಕ್ಷವೂ ಆಸ್ಪತ್ರೆಗೆ ದಾಖಲಾದರೆ ಮಾತ್ರ.

ಅಮ್ಮನ ಹತ್ತಿರ ದುಡ್ಡಿಲ್ಲ ಅಂತಲ್ಲ. ಪಿಂಚಣಿ ಬರುತ್ತದೆ, 9 ಲಕ್ಷದ ಎಫ್‌ಡಿ ಇದೆ. ಅಪ್ಪ ಹೋದ ಮೇಲೆ ಎಲ್ಲವೂ ಅಮ್ಮ ಒಬ್ಬರ ಹೆಸರಿನಲ್ಲೇ ಉಳಿದಿತ್ತು. ಎಫ್‌ಡಿ ಮುರಿಸಲು ಬ್ಯಾಂಕಿಗೆ ಕರೆದುಕೊಂಡು ಹೋದರೆ ಸಹಿ ಹೊಂದಲಿಲ್ಲ. ಮೂವತ್ತು ವರ್ಷ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದ ಕೈ! ಹೆಬ್ಬೆಟ್ಟು ಒತ್ತಿಸಬಹುದಾ ಅಂತ ಕೇಳಿದೆ. ಕೈ ನಡುಗುವವರಿಗೆ ಅದು ನಡೆಯುತ್ತದೆ, ಏತಕ್ಕೆ ಒತ್ತುತ್ತಿದ್ದೇನೆ ಅಂತ ತಿಳಿಯದವರಿಗೆ ಆಗುವುದಿಲ್ಲ ಅಂದರು ಮ್ಯಾನೇಜರ್. ಅವರದು ತಪ್ಪಲ್ಲ. ಹಾಗೆ ಒತ್ತಿಸಿಕೊಂಡು ಆಸ್ತಿ ಹೊಡೆದ ಮಕ್ಕಳನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ?

ನಾಮಿನಿ ನಾನೇ. ಆದರೆ ನಾಮಿನಿಗೆ ಹಣ ಸಿಗುವುದು ಅಮ್ಮ ಹೋದ ಮೇಲೆ.

ಮೊದಲೇ ಜಿಪಿಎ, ಅಂದರೆ ಅಮ್ಮನ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ, ಮಾಡಿಸಿಕೊಳ್ಳಬೇಕಿತ್ತು ಅಂತ ಕೊರಗುತ್ತಿದ್ದೆ. ವಕೀಲರು ಆ ಕೊರಗನ್ನೂ ಕಿತ್ತುಕೊಂಡರು. ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಜಿಪಿಎ ಬಿದ್ದುಹೋಗುತ್ತದಂತೆ. 1872ರ ಕರಾರು ಕಾಯ್ದೆ. ಮಳೆ ಬಂದ ಕೂಡಲೇ ಮುಚ್ಚಿಕೊಳ್ಳುವ ಕೊಡೆ! ಬುದ್ಧಿಮಾಂದ್ಯ ಮಕ್ಕಳಿಗೆ ಜಿಲ್ಲೆಯಲ್ಲೇ ಗಾರ್ಡಿಯನ್ನರನ್ನು ನೇಮಿಸಲು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ಮರೆವಿನ ಕಾಯಿಲೆ ಅದರೊಳಗೆ ಬರುವುದಿಲ್ಲ. ಅಮ್ಮನಿಗೆ ಗಾರ್ಡಿಯನ್ ಆಗಬೇಕಾದರೆ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿ ಅಂದರು ವಕೀಲರು.

ಸದ್ಯ ನನ್ನ ಹೆಂಡತಿಯ ಬಳೆ ಅಡವಿಟ್ಟು ಫೀಸು ಕಟ್ಟುತ್ತಿದ್ದೇವೆ. ಪಿಂಚಣಿಯನ್ನು ಅಮ್ಮನ ಎಟಿಎಂ ಕಾರ್ಡಿನಿಂದ ತೆಗೆಯುತ್ತೇವೆ. ಅದು ತಪ್ಪು ಅಂತ ಗೊತ್ತು. ಹೀಗೆ ಎಲ್ಲರೆದುರು ಬರೆಯಬಾರದಿತ್ತೇನೋ.

2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಮಕ್ಕಳಿಂದ ತಿಂಗಳಿಗೆ 10,000ದವರೆಗೆ ಜೀವನಾಂಶ ಕೊಡಿಸುವ ಅಧಿಕಾರ ಎಸಿ (ಉಪವಿಭಾಗಾಧಿಕಾರಿ) ಅವರಿಗೆ ಇದೆ. ಅದೇ ಕಚೇರಿಯಲ್ಲಿ, ಡಾಕ್ಟರ್ ಸರ್ಟಿಫಿಕೇಟ್ ನೋಡಿ, ಹೆತ್ತವರ ಹಣವನ್ನು ಅವರ ಆರೈಕೆಗೆ ಮಾತ್ರ ಬಳಸಲು ಒಬ್ಬರನ್ನು ನೇಮಿಸುವ ದಾರಿ ಮಾಡಿಕೊಡಿ. ಪ್ರತಿ ವರ್ಷ ಲೆಕ್ಕ ಕೇಳಲಿ, ಕೊಡುತ್ತೇವೆ. ಕಾನೂನು ಬದಲಾಗಬೇಕು ಅಂತ ಗೊತ್ತು. ಸದನದಲ್ಲಿ ಕೂರುವವರು ನೀವೇ ತಾನೇ?

ಅದಕ್ಕೆ ಸಮಯ ಹಿಡಿಯುತ್ತದೆ. ನಾಳೆಯೇ ಆಗುವ ಕೆಲಸವೂ ಒಂದಿದೆ. 60 ತುಂಬಿ ಹಿರಿಯ ನಾಗರಿಕರ ಕಾರ್ಡಿಗೆ ಬಂದವರ ಕೈಗೆ ಒಂದು ಹಾಳೆ ಕೊಡಿ. ‘ಬುದ್ಧಿ ಚುರುಕಾಗಿರುವಾಗಲೇ ಖಾತೆಗೆ, ಎಫ್‌ಡಿಗೆ ನಂಬಿಕೆಯವರ ಹೆಸರು ಜಂಟಿಯಾಗಿ ಸೇರಿಸಿ, ಇಬ್ಬರಲ್ಲಿ ಯಾರು ಬೇಕಾದರೂ ಹಣ ತೆಗೆಯುವಂತೆ ಬರೆಸಿ’ ಅಂತ ಕನ್ನಡದಲ್ಲಿ ಹಾಕಿಸಿ. ನಮಗೆ ಇಷ್ಟನ್ನು ಯಾರೂ ಹೇಳಲಿಲ್ಲ. ಆರೈಕೆ ಕೇಂದ್ರಗಳು ದರ, ಡೆಪಾಸಿಟ್ ವಾಪಸಾತಿಯ ನಿಯಮವನ್ನು ಬಾಗಿಲಲ್ಲೇ ಬರೆದು ಹಾಕುವಂತೆಯೂ ಮಾಡಿ.

ಅಮ್ಮನ ಎಫ್‌ಡಿ ಮಾರ್ಚಿಗೆ ಮುಗಿಯುತ್ತದೆ. ಯಾರೂ ಸಹಿ ಹಾಕದಿದ್ದರೆ ತಾನೇ ರಿನ್ಯೂ ಆಗುತ್ತದಂತೆ. ಅಷ್ಟರೊಳಗೆ ನಿಮ್ಮ ಉತ್ತರ ಬರಲಿ.

ಇಂತಿ,
ಹಾಸನದ ಟೀಚರೊಬ್ಬರ ಮಗ