ಮುಖದ ಬಂಗಿಗೆ ಸಿಕ್ಕಸಿಕ್ಕ ಟ್ಯೂಬ್ ಹಚ್ಚಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಇನ್ನೇನು ಕಾಫಿ ಕೊಯ್ಲು ಶುರುವಾಗುತ್ತದೆ. ಅದಕ್ಕೂ ಮೊದಲು ಈ ವಿಷಯ ನಿಮ್ಮ ಪತ್ರಿಕೆಯಲ್ಲಿ ಬರಲಿ ಎಂದು ಬರೆಯುತ್ತಿದ್ದೇನೆ. ನಮ್ಮ ಕೊಡಗು ಜಿಲ್ಲೆಯ ಯಾವ ಸಂತೆಗೆ ಹೋದರೂ, ಯಾವ ಬಸ್ ಹತ್ತಿದರೂ, ಕೆನ್ನೆ, ಹಣೆ, ಮೇಲ್ದುಟಿಯ ಮೇಲೆ ಕಂದು ಮಚ್ಚೆ ಬಿದ್ದ ಹೆಂಗಸರು ಕಾಣುತ್ತಾರೆ. ಅದು ಬಂಗು. ಗಂಡಸರಿಗೂ ಬರುತ್ತದೆ, ಆದರೆ ಹೆಂಗಸರಲ್ಲೇ ಜಾಸ್ತಿ. ಪ್ರಾಣಕ್ಕೆ ಅಪಾಯ ಇಲ್ಲ, ನೋವಿಲ್ಲ, ತುರಿಕೆ ಇಲ್ಲ. ಹಾಗಾಗಿ ಇದಕ್ಕೆಂದು ಯಾರೂ ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗುವುದಿಲ್ಲ. ಪೇಟೆಗೆ ಹೋದಾಗ ಮೆಡಿಕಲ್‌ನಲ್ಲಿ "ಮುಖದ ಕಲೆಗೆ ಏನಾದರೂ ಕೊಡಿ" ಎಂದು ಕೇಳುತ್ತಾರೆ. ಅಂಗಡಿಯವರು ಒಂದು ಸಣ್ಣ ಟ್ಯೂಬ್ ಕೊಡುತ್ತಾರೆ. ನನ್ನ ಪತ್ರ ಆ ಟ್ಯೂಬಿನ ಬಗ್ಗೆ.

ಹೀಗೆ ಸಿಗುವ ಟ್ಯೂಬುಗಳಲ್ಲಿ ಸಾಮಾನ್ಯವಾಗಿ ಮೂರು ಔಷಧ ಸೇರಿರುತ್ತವೆ. ಚರ್ಮದ ಬಣ್ಣ ತಗ್ಗಿಸುವ ಹೈಡ್ರೋಕ್ವಿನೋನ್, ಚರ್ಮದ ಮೇಲ್ಪದರ ಬೇಗ ಕಳಚಿ ಹೊಸದಾಗುವಂತೆ ಮಾಡುವ ಟ್ರೆಟಿನಾಯಿನ್, ಜೊತೆಗೆ ಉರಿ, ಊತ ತಗ್ಗಿಸುವ ಮೊಮೆಟಾಸೋನ್ ಥರದ ಒಂದು ಸ್ಟಿರಾಯ್ಡ್. ಈ ಮಿಶ್ರಣವೇ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಅಮೆರಿಕದ ವೈದ್ಯರಾದ ಕ್ಲಿಗ್‌ಮನ್ ಮತ್ತು ವಿಲ್ಲಿಸ್ 1975ರಲ್ಲಿ ಇಂಥ ಮೂರು ಔಷಧದ ಜೋಡಿಯನ್ನು ಮೊದಲು ಪ್ರಕಟಿಸಿದರು. ಇವತ್ತಿಗೂ ಚರ್ಮರೋಗ ತಜ್ಞರು ಇದೇ ಜಾತಿಯ ಕ್ರೀಮ್ ಬರೆಯುತ್ತಾರೆ. ಆದರೆ ಅವರು ರಾತ್ರಿ ಮಾತ್ರ, ಕಲೆ ಇರುವ ಕಡೆ ಮಾತ್ರ, ಕೆಲವೇ ವಾರ ಹಚ್ಚಿ ಎಂದು ಹೇಳಿ, ಮತ್ತೆ ಕರೆಸಿ ನೋಡಿ, ನಿಧಾನವಾಗಿ ಬಿಡಿಸುತ್ತಾರೆ. ಮೆಡಿಕಲ್‌ನಿಂದ ತಂದವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಮೊದಲ ಎರಡು ಮೂರು ವಾರ ಮುಖ ತಿಳಿಯಾಗುತ್ತದೆ, ಖುಷಿಯಾಗುತ್ತದೆ. ಆಮೇಲೆ ಪೌಡರ್ ಹಚ್ಚಿದ ಹಾಗೆ ಇಡೀ ಮುಖಕ್ಕೆ, ಬೆಳಿಗ್ಗೆ ಸಂಜೆ, ವರ್ಷಗಟ್ಟಲೆ ಹಚ್ಚುತ್ತಾರೆ.

ನಮ್ಮ ತೋಟದ ಪಕ್ಕದ ಲೈನ್ ಮನೆಯ (ತೋಟದ ಕೆಲಸದವರ ಸಾಲುಮನೆ) ಒಬ್ಬ ಹೆಣ್ಣುಮಗಳು ಹೋದ ಬೇಸಿಗೆಯಲ್ಲಿ ನನ್ನ ಹತ್ತಿರ ಬಂದು "ಅಕ್ಕಾ, ಹಚ್ಚಿದರೆ ಸರಿ ಇರ್ತದೆ, ಒಂದು ದಿನ ಬಿಟ್ಟರೆ ಉರಿ ತಡೆಯೋಕಾಗಲ್ಲ" ಎಂದಳು. ಕೆನ್ನೆ ಕೆಂಪಗಾಗಿತ್ತು. ಚರ್ಮ ತೆಳ್ಳಗಾಗಿ ಒಳಗಿನ ಸಣ್ಣ ರಕ್ತನಾಳಗಳು ಕಾಣುತ್ತಿದ್ದವು. ಗಲ್ಲದ ಮೇಲೆ ಮೊಡವೆ, ಮುಖದ ಬದಿಯಲ್ಲಿ ಕೂದಲು. ಬಂಗು ಮಾತ್ರ ಎಲ್ಲಿತ್ತೋ ಅಲ್ಲೇ ಇತ್ತು, ಇನ್ನೂ ಗಾಢವಾಗಿ. ಸ್ಟಿರಾಯ್ಡ್‌ನಿಂದ ಹಾಳಾದ ಮುಖ ಎಂದು ನಮ್ಮ ದೇಶದ ಚರ್ಮರೋಗ ತಜ್ಞರು ಇದಕ್ಕೆ ಬೇರೆಯೇ ಹೆಸರು ಕೊಟ್ಟಿದ್ದಾರೆ ಅಂದರೆ ಎಷ್ಟು ಜನ ಹೀಗೆ ಬರುತ್ತಿರಬೇಕು ಯೋಚಿಸಿ. ಇಂಥ ಕ್ರೀಮನ್ನು ತುಂಬಾ ದಿನ ಹಚ್ಚಿದವರು ಇದನ್ನು ಓದಿ ಹೆದರಿ, ಇವತ್ತೇ ಏಕ್‌ದಮ್ ನಿಲ್ಲಿಸಬೇಡಿ. ಒಮ್ಮೆಗೇ ಬಿಟ್ಟರೆ ಮುಖ ಉರಿದು ಕೆಂಪೇರುತ್ತದೆ, ಆ ಉರಿಗೆ ಹೆದರಿ ಮತ್ತೆ ಅದೇ ಟ್ಯೂಬಿಗೆ ಕೈ ಹಾಕುತ್ತೀರಿ. ವೈದ್ಯರಿಗೆ ಟ್ಯೂಬ್ ತೋರಿಸಿ, ಅವರು ಹೇಳಿದಂತೆ ಬಿಡಿ.

ಹೈಡ್ರೋಕ್ವಿನೋನ್ ಕಥೆಯೂ ಅಷ್ಟೇ. ಸ್ವಲ್ಪ ದಿನಕ್ಕೆ ಒಳ್ಳೆಯ ಔಷಧ. ವರ್ಷಗಟ್ಟಲೆ ಹಚ್ಚಿದರೆ ಕೆಲವರಲ್ಲಿ ಚರ್ಮದಲ್ಲಿ ನೀಲಿ ಮಿಶ್ರಿತ ಕಪ್ಪು ಬಣ್ಣ ಕೂತುಬಿಡುತ್ತದೆ, ಅದನ್ನು ತೆಗೆಯುವುದು ಬಂಗಿಗಿಂತ ಕಷ್ಟ. ಬಸುರಿಯರು ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಎರಡನ್ನೂ ಮುಟ್ಟಬಾರದು. ಬಂಗು ಶುರುವಾಗುವುದೇ ಎಷ್ಟೋ ಜನರಿಗೆ ಬಸುರಿನಲ್ಲಿ, ಅಲ್ವಾ? ಅದೇ ಹೊತ್ತಿನಲ್ಲಿ ಹೊಟ್ಟೆಯಲ್ಲಿ ಮಗು ಇರುವುದನ್ನು ಕೇಳದೆ ಈ ಟ್ಯೂಬ್ ಕೊಟ್ಟರೆ ಏನು ಗತಿ?

ಕಾನೂನು ಇಲ್ಲ ಎಂದಲ್ಲ. 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟಿರಾಯ್ಡ್ ಕ್ರೀಮುಗಳನ್ನು ಶೆಡ್ಯೂಲ್ ಎಚ್ ಪಟ್ಟಿಯ ಬಿಗಿಗೆ ತಂದಿತು. ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಟ್ಯೂಬಿನ ಎಡ ಮೂಲೆಯಲ್ಲಿ, ಚೀಟಿ ಬೇಕು ಎಂದು ತಿಳಿಸುವ ಆರ್‌ಎಕ್ಸ್ (Rx) ಗುರುತು ಇರುತ್ತದೆ, ಪಕ್ಕದಲ್ಲೇ ಎಚ್ಚರಿಕೆ ಇಂಗ್ಲಿಷ್‌ನಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ. ತೋಟದಲ್ಲಿ ಕೆಲಸ ಮಾಡುವ ಹೆಂಗಸು ಅದನ್ನು ಓದಿ ತಿಳಿದುಕೊಳ್ಳಲಿ ಎಂದು ಬಯಸುವುದು ನ್ಯಾಯ ಅಲ್ಲ. ಕೊಡುವವರು ಚೀಟಿ ಕೇಳಬೇಕು. ಚೀಟಿ ಕೇಳುವ ಅಂಗಡಿಯವರೂ ನಮ್ಮಲ್ಲಿದ್ದಾರೆ, ಅವರಿಗೆ ನಾನು ಋಣಿ. ಕೇಳದವರ ಮೇಲೆ ಔಷಧ ನಿಯಂತ್ರಣ ಇಲಾಖೆ ಕಣ್ಣಿಡಬೇಕು.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಹೆಸರಿಲ್ಲದ, ತಯಾರಕರ ವಿಳಾಸವಿಲ್ಲದ ಡಬ್ಬಿಗಳು. "ಫಾರಿನ್ ಕ್ರೀಮ್" ಎಂದು ಕೈಯಿಂದ ಕೈಗೆ ಬರುತ್ತವೆ, ಈಗ ಮೊಬೈಲಿನಲ್ಲೂ ಸಿಗುತ್ತವೆ. ಇಂಥವುಗಳಲ್ಲಿ ಪಾದರಸ ಇರಬಹುದು. ಪಾದರಸ ಚರ್ಮದ ಬಣ್ಣ ತಯಾರಾಗುವುದನ್ನು ತಡೆಯುತ್ತದೆ, ಅದಕ್ಕೇ ಮುಖ ಬೇಗ ಬೆಳ್ಳಗೆ ಕಾಣುವುದು. ಆದರೆ ಅದು ಚರ್ಮದ ಮೂಲಕ ದೇಹಕ್ಕೆ ಇಳಿದು ಮೂತ್ರಪಿಂಡವನ್ನು ಕೆಡಿಸುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮ್ ಹಚ್ಚಿದವರಲ್ಲಿ ಮೂತ್ರಪಿಂಡದ ಕಾಯಿಲೆ ಕಾಣಿಸಿಕೊಂಡಿದ್ದನ್ನು ಅಲ್ಲಿನ ವೈದ್ಯರು ಪತ್ತೆ ಮಾಡಿದರು. ಅದೇ ವರ್ಷ ಕೇರಳದ ಔಷಧ ನಿಯಂತ್ರಣ ಇಲಾಖೆ "ಆಪರೇಷನ್ ಸೌಂದರ್ಯ" ಎಂಬ ಹೆಸರಿನಲ್ಲಿ ಅಂಗಡಿಗಳಿಗೆ ದಾಳಿ ಮಾಡಿ ಪರವಾನಗಿ ಇಲ್ಲದ ಸೌಂದರ್ಯ ಸಾಮಗ್ರಿಗಳನ್ನು ಹಿಡಿಯಿತು. ಕುಟ್ಟ, ಮಾಕುಟ್ಟ, ಕರಿಕೆ ದಾಟಿದರೆ ಕೇರಳ. ಎರಡೂ ಕಡೆ ಮದುವೆ, ವ್ಯಾಪಾರ, ಓಡಾಟ ದಿನಾ ನಡೆದೇ ಇದೆ. ಅಲ್ಲಿ ದಾಳಿಯಾದರೆ ಆ ಮಾಲು ಇಲ್ಲಿಗೆ ಬರುವುದಿಲ್ಲ ಎಂದು ಯಾರು ಹೇಳಿದರು? ನಮ್ಮ ದೇಶದ ನಿಯಮದಲ್ಲೂ ಮುಖದ ಕ್ರೀಮಿಗೆ ಪಾದರಸ ಬೆರೆಸುವಂತಿಲ್ಲ. ಅರಿವಿಲ್ಲದೆ ಸೇರಿದ್ದರೂ ಹತ್ತು ಲಕ್ಷದಲ್ಲಿ ಒಂದು ಭಾಗ ಮೀರಬಾರದು. ಇಂಥ ಡಬ್ಬಿ ಬಳಸಿದವರಿಗೆ ಕಾಲು ಊದಿಕೊಂಡರೆ, ಮೂತ್ರದಲ್ಲಿ ನೊರೆ ಬಂದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ, ಡಬ್ಬಿಯನ್ನೂ ತೆಗೆದುಕೊಂಡು ಹೋಗಿ.

ಹಾಗಾದರೆ ಬಂಗು ಯಾಕೆ ಬರುತ್ತದೆ? ರಕ್ತ ಕೆಟ್ಟು ಬರುವುದಲ್ಲ. ನಮ್ಮ ಚರ್ಮದಲ್ಲಿ ಮೆಲನಿನ್ ಎಂಬ ಬಣ್ಣ ತಯಾರಿಸುವ ಜೀವಕೋಶಗಳಿವೆ. ಕಪ್ಪಗಿರುವವರಿಗೂ ಬೆಳ್ಳಗಿರುವವರಿಗೂ ಅವುಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ, ಕೆಲಸ ಮಾಡುವ ಜೋರು ಮಾತ್ರ ಬೇರೆ. ಬಸುರು, ಗರ್ಭನಿರೋಧಕ ಮಾತ್ರೆ, ಮನೆತನದಿಂದ ಬಂದ ಗುಣ, ಇವೆಲ್ಲ ಸೇರಿ ಕೆಲವು ಕಡೆಯ ಕೋಶಗಳನ್ನು ಕೆಣಕುತ್ತವೆ. ಅದರ ಮೇಲೆ ಬಿಸಿಲು ಬಿದ್ದರೆ ಮುಗಿಯಿತು. ಬಿಸಿಲು ಬೀಳದಂತೆ ನೋಡಿಕೊಳ್ಳದಿದ್ದರೆ ಯಾವ ಔಷಧವೂ ನಿಲ್ಲುವುದಿಲ್ಲ. ಹೆರಿಗೆ ಆದಮೇಲೆ ಅನೇಕರಿಗೆ ತಾನಾಗೇ ತಿಳಿಯಾಗುತ್ತದೆ, ಎಲ್ಲರಿಗೂ ಅಲ್ಲ.

ಕೊಡಗು ತಂಪು ಊರು, ನಮಗೇನು ಬಿಸಿಲು ಎಂದು ಎಲ್ಲರೂ ಹೇಳುತ್ತಾರೆ. ಚಳಿ ಇದ್ದರೂ ಬಿಸಿಲಿನ ಅತಿನೇರಳೆ ಕಿರಣ ಕಡಿಮೆ ಆಗುವುದಿಲ್ಲ. ಸಮುದ್ರ ಮಟ್ಟದಿಂದ ಪ್ರತಿ 1,000 ಮೀಟರ್ ಮೇಲೇರಿದರೆ ಆ ಕಿರಣ ಸುಮಾರು 10 ಶೇಕಡಾ ಹೆಚ್ಚುತ್ತದೆ. ಮಡಿಕೇರಿ 1,100 ಮೀಟರ್‌ಗಿಂತ ಎತ್ತರದಲ್ಲಿದೆ. ತೆಳು ಮೋಡ, ಮಂಜು ಇದ್ದರೂ ಸಾಕಷ್ಟು ಕಿರಣ ಕೆಳಗೆ ಬರುತ್ತದೆ. ಮಳೆಗಾಲದಲ್ಲಿ ದಿನಗಟ್ಟಲೆ ಸೂರ್ಯ ಕಾಣದಾಗ ಬಂಗು ಮಸುಕಾಗಿ, ಹೋಯಿತು ಅಂದುಕೊಳ್ಳುತ್ತೇವೆ. ಡಿಸೆಂಬರ್ ಜನವರಿಯಲ್ಲಿ ಆಕಾಶ ತಿಳಿಯಾಗಿ ಕೊಯ್ಲು ಶುರುವಾದಾಗ ಮತ್ತೆ ಏಳುತ್ತದೆ. ಗಿಡದ ಕೆಳಗೆ ಕಾಫಿ ಕುಯ್ಯುವವರಿಗೆ ಮರದ ನೆರಳಾದರೂ ಇದೆ. ಕಣದಲ್ಲಿ ಕಾಫಿ ಹರಡಿ, ದಿನವಿಡೀ ಮಗುಚುತ್ತಾ ನಿಲ್ಲುವವರನ್ನು ನೋಡಿ. ಮೇಲಿಂದ ಬಿಸಿಲು, ಕೆಳಗಿಂದ ಸಿಮೆಂಟಿನ ಕಾವು. ಬರೀ ಶಾಖವೂ ಬಂಗನ್ನು ಹೆಚ್ಚಿಸುತ್ತದೆ. ತಲೆಗೆ ಟವಲ್ ಕಟ್ಟಿಕೊಳ್ಳುತ್ತಾರೆ ನಿಜ, ಅದು ತಲೆ ಮುಚ್ಚುತ್ತದೆ, ಕೆನ್ನೆಯನ್ನಲ್ಲ.

ಹಾಗಾಗಿ ನನ್ನ ಪ್ರಕಾರ ಮೊದಲ ಔಷಧ ಅಗಲ ಅಂಚಿನ ಟೊಪ್ಪಿ. ಎರಡನೆಯದು ಸನ್‌ಸ್ಕ್ರೀನ್, ಅಂದರೆ ಬಿಸಿಲು ತಡೆಯುವ ಕ್ರೀಮ್. ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಳತೆ) 30 ಅಥವಾ ಜಾಸ್ತಿ ಇರಲಿ, ಯುವಿಎ ಯುವಿಬಿ ಎಂಬ ಎರಡು ಬಗೆಯ ಅತಿನೇರಳೆ ಕಿರಣಗಳನ್ನೂ ತಡೆಯುವುದು ಇರಲಿ. ಮುಖ ಮತ್ತು ಕುತ್ತಿಗೆಗೆ ಎರಡು ಬೆರಳಿನ ಉದ್ದಕ್ಕೆ ಹಿಂಡಿದಷ್ಟು ಬೇಕು, ಬಿಸಿಲಲ್ಲಿ ಇರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬರೀ ಕಣ್ಣಿಗೆ ಕಾಣುವ ಬೆಳಕಿಗೂ ಬಂಗು ಕಪ್ಪಾಗುತ್ತದೆ, ಅದಕ್ಕೆ ಐರನ್ ಆಕ್ಸೈಡ್ ಇರುವ, ಸ್ವಲ್ಪ ಕಂದು ಬಣ್ಣ ಬೆರೆತ ಸನ್‌ಸ್ಕ್ರೀನ್ ಹೆಚ್ಚು ಉಪಯೋಗ. ಇದು ದುಬಾರಿ ಎಂದು ಗೊತ್ತು. ಕೊಳ್ಳಲಾಗದವರು ಟೊಪ್ಪಿ ಮತ್ತು ಮುಖಕ್ಕೆ ಹತ್ತಿಬಟ್ಟೆ ಬಿಡಬೇಡಿ.

ಇದರ ಜೊತೆಗೆ ಅಜೆಲಾಯಿಕ್ ಆಸಿಡ್ ಎಂಬ ಕ್ರೀಮ್ ಇದೆ, ಸ್ಟಿರಾಯ್ಡ್ ಅಲ್ಲ, ಬಸುರಿಯರಿಗೂ ಸಾಮಾನ್ಯವಾಗಿ ಸುರಕ್ಷಿತ ಎನ್ನುತ್ತಾರೆ. ಕೋಜಿಕ್ ಆಸಿಡ್, ನಿಯಾಸಿನಮೈಡ್, ವಿಟಮಿನ್ ಸಿ ಇವೂ ಸ್ವಲ್ಪ ಮಟ್ಟಿಗೆ ಸಹಾಯ ಮಾಡುತ್ತವೆ. ಹಟಮಾರಿ ಬಂಗಿಗೆ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಕೊಡುವುದೂ ಉಂಟು, ಆದರೆ ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಅದು ಆಗದು, ಆದ್ದರಿಂದ ವೈದ್ಯರೇ ಬರೆಯಬೇಕು. ಯಾವುದೇ ಆದರೂ ಎರಡು ಮೂರು ತಿಂಗಳು ಕಾಯಬೇಕು. ಬಣ್ಣ ಚರ್ಮದ ಮೇಲ್ಪದರದಲ್ಲಿದ್ದರೆ ಬೇಗ ಮಸುಕಾಗುತ್ತದೆ, ಆಳಕ್ಕೆ ಇಳಿದಿದ್ದರೆ ತುಂಬಾ ನಿಧಾನ. ಬ್ಯೂಟಿ ಪಾರ್ಲರಿನಲ್ಲಿ ಲೇಸರ್, ಪೀಲಿಂಗ್ ಮಾಡಿಸಿಕೊಳ್ಳಬೇಡಿ. ನಮ್ಮಂಥ ಕಂದು ಚರ್ಮ ಸ್ವಲ್ಪ ಸುಟ್ಟರೂ ಅಲ್ಲಿ ಹೊಸ ಕಲೆ ಬೀಳುತ್ತದೆ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋಗುವುದೂ ಹಾಗೆಯೇ, ನಿಂಬೆಯ ಅಂಶಕ್ಕೆ ಬಿಸಿಲು ತಾಗಿದರೆ ಚರ್ಮ ಸುಟ್ಟು ಕಪ್ಪಾಗುತ್ತದೆ.

ಎಲ್ಲ ಕಲೆಯೂ ಬಂಗಲ್ಲ. ಮೊಡವೆ ಚಿವುಟಿದ ಜಾಗ, ಕಂಬಳಿಹುಳು ತಾಗಿ ಕೆರೆದ ಜಾಗ, ಜಿಗಣೆ ಕಚ್ಚಿದ ಜಾಗ, ಗಾಯ ಮಾಗಿದ ಮೇಲೂ ತಿಂಗಳುಗಟ್ಟಲೆ ಕಪ್ಪಗಿರುತ್ತದೆ. ಕೆರೆಯದೆ ಬಿಟ್ಟರೆ ಸಾಮಾನ್ಯವಾಗಿ ನಿಧಾನವಾಗಿ ಹೋಗುತ್ತದೆ. ಕುತ್ತಿಗೆ ಹಿಂದೆ, ಕಂಕುಳಲ್ಲಿ ದಪ್ಪಗೆ, ಮಖಮಲ್ ಬಟ್ಟೆಯಂತೆ ಕಪ್ಪಾದರೆ ಅದು ಕೊಳೆ ಅಲ್ಲ. ಸೋಪು ಹಾಕಿ ಉಜ್ಜಿ ಮಕ್ಕಳನ್ನು ಅಳಿಸಬೇಡಿ, ಸಕ್ಕರೆ ಕಾಯಿಲೆಗೆ ರಕ್ತ ಪರೀಕ್ಷೆ ಮಾಡಿಸಿ. ತಿಳಿ ಬಣ್ಣದ ಮಚ್ಚೆಯಲ್ಲಿ ಮುಟ್ಟಿದ್ದು ಗೊತ್ತಾಗದಿದ್ದರೆ ಕುಷ್ಠ ಇರಬಹುದು, ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಔಷಧ ಉಚಿತ, ಪೂರ್ತಿ ವಾಸಿಯಾಗುತ್ತದೆ. ಇವೆಲ್ಲಕ್ಕೂ ಒಂದೇ ಟ್ಯೂಬ್ ಹಚ್ಚಿಕೊಂಡು ಕೂತರೆ ನಿಜವಾದ ಕಾಯಿಲೆ ಒಳಗೇ ಬೆಳೆಯುತ್ತದೆ.

ಮನೆಯವರಿಗೂ ಒಂದು ಮಾತು. ಹೆಣ್ಣು ನೋಡಲು ಬಂದಾಗ, ಮದುವೆ ಮನೆಯಲ್ಲಿ, "ಏನಮ್ಮಾ ಇಷ್ಟು ಕಪ್ಪಾಗಿದ್ದೀಯ, ಮುಖಕ್ಕೆ ಏನಾದರೂ ಹಚ್ಚು" ಎಂದು ಹೇಳುವುದನ್ನು ದಯವಿಟ್ಟು ನಿಲ್ಲಿಸಿ. ನಾವು ಸುಮ್ನೆ ಆಡಿದ ಆ ಮಾತೇ ಹುಡುಗಿಯರನ್ನು ಮೆಡಿಕಲ್ ಅಂಗಡಿಗೆ ಓಡಿಸುತ್ತಿದೆ. ಬಂಗಿಗೆ ಚಿಕಿತ್ಸೆ ಬೇಕು, ಹುಟ್ಟಿನಿಂದ ಬಂದ ಬಣ್ಣಕ್ಕೆ ಬೇಡ.

ಈಗ ನನ್ನ ಬೇಡಿಕೆ. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಅಲ್ಲಿನ ಚರ್ಮರೋಗ ವೈದ್ಯರು ಕೊಯ್ಲಿನ ತಿಂಗಳುಗಳಲ್ಲಿ ಒಂದೊಂದು ತಾಲ್ಲೂಕಿಗೆ, ಸಾಧ್ಯವಾದರೆ ಸಂತೆಯ ದಿನವೇ ಬಂದು ನೋಡುವ ವ್ಯವಸ್ಥೆ ಆರೋಗ್ಯ ಇಲಾಖೆ ಮಾಡಲಿ. ಆಶಾ ಕಾರ್ಯಕರ್ತೆಯರು ಬಸುರಿಯರ ಮನೆಗೆ ಹೋದಾಗ ಈ ಟ್ಯೂಬಿನ ಬಗ್ಗೆ ಒಂದು ಮಾತು ಕೇಳಲಿ. ತೋಟದ ಮಾಲೀಕರು ಕಣದಲ್ಲಿ ನಿಲ್ಲುವವರಿಗೆ ಅಗಲ ಟೊಪ್ಪಿ ಕೊಡಲಿ, ಕಣದ ಒಂದು ಬದಿಗೆ ನೆರಳು ಬಲೆ ಕಟ್ಟಿಸಲಿ, ಅದೇ ಹೆಂಗಸನ್ನು ದಿನವೂ ಕಣಕ್ಕೆ ಹಾಕದೆ ಕೆಲಸ ಬದಲಿಸಿ ಕೊಡಲಿ. ಕಾಫಿಯ ಬೆಲೆಗೆ ಹೋಲಿಸಿದರೆ ಇದೇನು ದೊಡ್ಡ ಖರ್ಚಲ್ಲ.

ಕೊನೆಗೆ ನಿಮ್ಮಲ್ಲೂ ಒಂದು ವಿನಂತಿ ಸಂಪಾದಕರೇ. "ಏಳೇ ದಿನದಲ್ಲಿ ಬಂಗು ಮಾಯ" ಎನ್ನುವ ಜಾಹೀರಾತು ಬಂದರೆ, ಡಬ್ಬಿಯ ಮೇಲೆ ತಯಾರಕರ ಹೆಸರು, ಪರವಾನಗಿ ಸಂಖ್ಯೆ ಇದೆಯೇ ಎಂದು ಕೇಳಿಯೇ ಹಾಕಿ. ಚರ್ಮರೋಗ ತಜ್ಞರಿಂದ ಓದುಗರ ಪ್ರಶ್ನೆಗಳಿಗೆ ಉತ್ತರ ಕೊಡಿಸುವ ಒಂದು ಅಂಕಣವನ್ನೂ ಶುರು ಮಾಡಿ. ಕೊಯ್ಲು ಮುಗಿಯುವ ಮೊದಲೇ ಆದರೆ ಒಳ್ಳೆಯದು.

ಇಂತಿ,
ನಿಮ್ಮ ಓದುಗಿ,
ಸಿದ್ದಾಪುರ, ಕೊಡಗು