ಹಳ್ಳದ ಲೆಕ್ಕ ಬರೆದುಕೊಟ್ಟವರಿಗೆ

ಹೋದ ವಾರ ನನ್ನ ಪಿಎಚ್‌ಡಿ ಮೌಖಿಕ ಪರೀಕ್ಷೆ ಮುಗಿಯಿತು. ಪ್ರಬಂಧ ಒಪ್ಪಿಗೆಯಾಯಿತು. ಫೋನ್ ಮಾಡಿ, ಮೆಸೇಜು ಕಳಿಸಿ, ಮನೆಗೇ ಬಂದು ಹರಸಿದ ಎಲ್ಲರಿಗೂ ಧನ್ಯವಾದ.

ಪ್ರಬಂಧದ ಮೊದಲಲ್ಲಿ ಕೃತಜ್ಞತೆಗೆಂದು ಒಂದು ಪುಟ ಇರುತ್ತದೆ. ಅದನ್ನು ಇಂಗ್ಲಿಷಿನಲ್ಲಿ ಬರೆದಿದ್ದೇನೆ. ನಾನು ಯಾರಿಗೆ ಜಾಸ್ತಿ ಋಣಿಯೋ ಅವರಲ್ಲಿ ಹೆಚ್ಚಿನವರು ಆ ಪುಟವನ್ನು ಓದುವುದಿಲ್ಲ. ಅವರಿಗಾಗಿ ಈ ಬರಹ. ಹೆಸರು ಹಾಕಬೇಡ ಎಂದು ಕೆಲವರು ಹೇಳಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ. ಓದಿದರೆ ನಿಮ್ಮದು ನಿಮಗೆ ಗೊತ್ತಾಗುತ್ತದೆ.

ಅಘನಾಶಿನಿ ನಮ್ಮ ಶಿರಸಿ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಧುಮುಕಿ, ಕುಮಟಾ ತಾಲೂಕಿನ ತದಡಿ ಹತ್ತಿರ ಕಡಲು ಸೇರುತ್ತದೆ. ಕಾಳಿಗೂ ಶರಾವತಿಗೂ ಕಟ್ಟಿದ ಹಾಗೆ ಇದಕ್ಕೆ ದೊಡ್ಡ ಅಣೆಕಟ್ಟು ಕಟ್ಟಿಲ್ಲ. ಈ ಹೊಳೆಗೆ ನೀರು ತರುವ ಸಣ್ಣ ಹಳ್ಳಗಳೇ ನನ್ನ ವಿಷಯ. ಸೊಪ್ಪಿನ ಬೆಟ್ಟದಿಂದ ಇಳಿದು, ಅಡಿಕೆ ತೋಟದ ಬದಿಯಲ್ಲಿ ಹರಿದು, ಕಾಲುಸಂಕದ (ನಡೆದು ದಾಟುವ ಸಣ್ಣ ಸೇತುವೆಯ) ಅಡಿಯಲ್ಲಿ ಹಾದುಹೋಗುವ ಹಳ್ಳಗಳು. ಅವುಗಳ ಕಲ್ಲು ಎತ್ತಿ ನೋಡಿದರೆ ಅಡಿಯಲ್ಲಿ ಮರಿಹುಳುಗಳು ಅಂಟಿಕೊಂಡಿರುತ್ತವೆ. ಮೇಫ್ಲೈ, ಸ್ಟೋನ್‌ಫ್ಲೈ, ಕ್ಯಾಡಿಸ್‌ಫ್ಲೈ ಎಂಬ ಕೀಟಗಳ ಮರಿಗಳು. ಕ್ಯಾಡಿಸ್ ಮರಿ ತನ್ನ ಬಾಯಿಂದ ಬರುವ ರೇಷ್ಮೆಯಿಂದ ಮರಳು, ಎಲೆಚೂರು ಸೇರಿಸಿ ಮೈಸುತ್ತ ಗೂಡು ಕಟ್ಟಿಕೊಳ್ಳುತ್ತದೆ. ಸ್ಟೋನ್‌ಫ್ಲೈ ಮರಿಗಂತೂ ತಣ್ಣಗಿನ, ಆಮ್ಲಜನಕ ತುಂಬಿದ ನೀರೇ ಬೇಕು. ನೀರು ಬಿಸಿಯಾದಷ್ಟೂ ಆಮ್ಲಜನಕ ಕಡಿಮೆ ಕರಗುತ್ತದೆ. ಸಮುದ್ರಮಟ್ಟದಲ್ಲಿ 20 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಹಿಡಿಸಿದರೆ, 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ದಂಡೆಯ ಮರ ಕಡಿದರೆ ಹಳ್ಳಕ್ಕೆ ಬಿಸಿಲು ಬೀಳುತ್ತದೆ. ಆಮೇಲೆ ಯಾವ ಹುಳು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂದು ನೋಡುವುದು ನನ್ನ ಕೆಲಸವಾಗಿತ್ತು.

ಮೊದಲ ನಮಸ್ಕಾರ ತೋಟದವರಿಗೆ. ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಂದರೆ ವರ್ಷದ ಬೆಳೆಯೇ ಹೋಗಬಹುದು. ಅದಕ್ಕೆ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ಎಂಬ ದ್ರಾವಣ ಹೊಡೆಯುತ್ತಾರೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮಳೆ ಹಿಡಿಯುವ ಹೊತ್ತಿಗೆ ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ. ಮೈಲುತುತ್ತದಲ್ಲಿ ತಾಮ್ರ ಇದೆ. ಆ ತಾಮ್ರ ಹಳ್ಳಕ್ಕೆ ಇಳಿದರೆ ನೀರಿನ ಹುಳುಗಳಿಗೆ ವಿಷ. ಇದನ್ನೆಲ್ಲ ನಾನು ಮೊದಲ ದಿನವೇ ತೋಟದವರಿಗೆ ಹೇಳಿದ್ದೆ. ಉತ್ತರ ಅವರಿಗೆ ಹಿತವಾಗಿರಲಿಕ್ಕಿಲ್ಲ ಎಂಬುದು ಅವರಿಗೂ ಗೊತ್ತಿತ್ತು. ಆದರೂ ಒಬ್ಬರೂ ಬೇಲಿ ಮುಚ್ಚಲಿಲ್ಲ. ಔಷಧಿ ಹೊಡೆಯುವ ಹಿಂದಿನ ಸಂಜೆ ಫೋನ್ ಮಾಡಿ "ನಾಳೆ ಬೆಳಿಗ್ಗೆ ಶುರು, ಬಂದು ನೀರು ತಗೊಂಡು ಹೋಗು" ಎನ್ನುತ್ತಿದ್ದರು. ಒಬ್ಬ ಅಜ್ಜ ಹೇಳಿದ್ದು ಈಗಲೂ ಕಿವಿಯಲ್ಲಿದೆ: "ನಿನ್ನ ಹುಳ ಸತ್ತೋದ್ರೆ ಯಂಗೂ ಹೇಳು ತಂಗೀ. ಆ ಹಳ್ಳದ ನೀರೇ ನಮ್ಮ ದನ ಕುಡಿಯೋದು."

ಅಡಿಕೆ ಮರ ಹತ್ತಿ ಔಷಧಿ ಹೊಡೆಯುವ, ಕೊನೆ ಕೊಯ್ಯುವ ಕೊನೆಗೌಡರ ಹತ್ತಿರ ಕಲಿತದ್ದೂ ಕಡಿಮೆಯಲ್ಲ. ದ್ರಾವಣ ಹದವಾಗಿದೆಯೋ ಇಲ್ಲವೋ ನೋಡಲು ಅವರು ತಿಕ್ಕಿ ಹೊಳಪು ಮಾಡಿದ ಕತ್ತಿಯನ್ನು ಅದರಲ್ಲಿ ಅದ್ದುತ್ತಾರೆ. ಅಲುಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ಆ ಕೆಂಪು ಎಂದರೆ ಸುಣ್ಣದ ಜೊತೆ ಕೂಡದೆ ನೀರಿನಲ್ಲಿ ಬಿಡಿಯಾಗಿ ಉಳಿದ ತಾಮ್ರ. ನೀರಿನ ಜೀವಿಗಳಿಗೆ ಹೆಚ್ಚು ಅಪಾಯ ಮಾಡುವುದೂ ಅದೇ ಬಿಡಿ ತಾಮ್ರ. ಕತ್ತಿ ಅದ್ದಿ ನೋಡುವ ಕೊನೆಗೌಡ ಅಡಿಕೆ ಗೊನೆಯನ್ನು ಕಾಯುತ್ತಾ ಹಳ್ಳವನ್ನೂ ಕಾಯುತ್ತಿದ್ದಾನೆ. ಇದನ್ನು ಪ್ರಬಂಧದ ಮೂರನೆಯ ಅಧ್ಯಾಯದಲ್ಲಿ ಬರೆದಿದ್ದೇನೆ. ಪರೀಕ್ಷಕರು ಜಾಸ್ತಿ ಪ್ರಶ್ನೆ ಕೇಳಿದ್ದೂ ಇದರ ಬಗ್ಗೆಯೇ.

ಇನ್ನು ಫಿಸಿಕ್ಸ್ ಸರ್. ಶಿರಸಿಯಲ್ಲಿ ಕಾಲೇಜು ಮಕ್ಕಳಿಗೆ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ನೀರಿನ ಕದಡು ಅಳೆಯುವ ಮೀಟರಿನ ಬೆಲೆ ಕೇಳಿ ನಾನು ಸುಮ್ಮನಾಗಿದ್ದೆ. ಸರ್ ತಮ್ಮ ಮನೆಯ ಜಗುಲಿಯಲ್ಲೇ ಒಂದನ್ನು ಮಾಡಿಕೊಟ್ಟರು. ಒಂದು ಕಡೆಯಿಂದ ನೀರಿಗೆ ಬೆಳಕು ಬಿಡುವುದು, ಅದಕ್ಕೆ ಅಡ್ಡಲಾಗಿ 90 ಡಿಗ್ರಿಯಲ್ಲಿ ಒಂದು ಸೆನ್ಸರ್ ಇಡುವುದು. ನೀರಿನಲ್ಲಿ ಮಣ್ಣಿನ ಕಣ ಜಾಸ್ತಿ ಇದ್ದರೆ ಬೆಳಕು ಜಾಸ್ತಿ ಚದುರಿ ಸೆನ್ಸರಿಗೆ ಬೀಳುತ್ತದೆ. ನಾನು ಮಾಮೂಲಿ ಬಿಳಿ ಎಲ್‌ಇಡಿ ಸಾಕು ಅಂದುಕೊಂಡಿದ್ದೆ. ಸರ್ ಒಪ್ಪಲಿಲ್ಲ. ಕಾಡಿನ ಹಳ್ಳದಲ್ಲಿ ಎಲೆ ಕೊಳೆತು ನೀರಿಗೇ ಕಂದು ಬಣ್ಣ ಬಂದಿರುತ್ತದೆ, ಆ ಬಣ್ಣ ಬಿಳಿ ಬೆಳಕನ್ನು ಹೀರಿ ಲೆಕ್ಕ ತಪ್ಪಿಸುತ್ತದೆ ಎಂದರು. 860 ನ್ಯಾನೋಮೀಟರಿನ ಇನ್‌ಫ್ರಾರೆಡ್ ಎಲ್‌ಇಡಿಯನ್ನೇ ತರಿಸಿ ಹಾಕಿದರು. ಅಂತರರಾಷ್ಟ್ರೀಯ ಮಾನದಂಡವೂ ಅದನ್ನೇ ಹೇಳುತ್ತದೆ ಎಂದು ಆಮೇಲೆ ಓದಿ ತಿಳಿದುಕೊಂಡೆ. ಬೆಸುಗೆ ಹಾಕುತ್ತಾ ಅವರು ವಿಜ್ಞಾನಿ ಸಿ.ವಿ. ರಾಮನ್ ಕಥೆ ಹೇಳುತ್ತಿದ್ದರು. 1921ರಲ್ಲಿ ಹಡಗಿನಲ್ಲಿ ಬರುವಾಗ ರಾಮನ್ ಅವರಿಗೆ ಕಡಲು ಯಾಕೆ ನೀಲಿ ಎಂಬ ಪ್ರಶ್ನೆ ಹಿಡಿಯಿತು, ಬರೀ ಆಕಾಶದ ಪ್ರತಿಬಿಂಬ ಎಂಬ ಉತ್ತರವನ್ನು ಅವರು ಒಪ್ಪಲಿಲ್ಲ, ನೀರಿನ ಅಣುಗಳೇ ಬೆಳಕು ಚದುರಿಸುತ್ತವೆ ಎಂದು ತೋರಿಸಿದರು. "ಅವರು ಕಡಲಿಗೆ ಕೇಳಿದ್ದನ್ನೇ ನೀನು ಹಳ್ಳಕ್ಕೆ ಕೇಳ್ತಾ ಇದ್ದೀಯ" ಎಂದರು ಸರ್. ಕೆಲಸ ನಿಂತುಹೋಗಿದ್ದ ತಿಂಗಳುಗಳಲ್ಲಿ ಈ ಮಾತು ನನ್ನನ್ನು ಹಿಡಿದು ನಿಲ್ಲಿಸಿತ್ತು.

ಶಾಲೆಯ ಅಕ್ಕೋರಿಗೆ (ಟೀಚರಿಗೆ) ಹೇಗೆ ಧನ್ಯವಾದ ಹೇಳಲಿ? ಮಕ್ಕಳು ದಿನಾ ಹಳ್ಳದ ನೀರಿನ ಬಿಸಿ, ಮಟ್ಟ, ಕದಡು ಬರೆದುಕೊಡಬಹುದೇ ಎಂದು ಕೇಳಲು ಹೋಗಿದ್ದೆ. ಅಕ್ಕೋರು ಒಂದು ಷರತ್ತು ಹಾಕಿದರು. ಬರೆದ ಅಂಕಿ ಮೊದಲು ಮಕ್ಕಳದ್ದು. ಅವರು ಅದರ ನಕ್ಷೆ (ಗ್ರಾಫ್) ಬಿಡಿಸಬೇಕು, ಯಾಕೆ ಹೀಗೆ ಎಂದು ತಾವೇ ಮಾತಾಡಬೇಕು. ನೀನು ಆಮೇಲೆ ಪ್ರತಿ ತಗೋ. ಮಕ್ಕಳನ್ನು ಅಂಕಿ ಹೊರುವ ಆಳು ಮಾಡಬೇಡ. ಸಂಶೋಧನೆಯ ನೀತಿಯ ಬಗ್ಗೆ ವಿಶ್ವವಿದ್ಯಾಲಯದಲ್ಲಿ ಕೋರ್ಸು ಮಾಡಿದ್ದೇನೆ. ಅಲ್ಲಿ ಯಾರೂ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ. ಆ ಷರತ್ತಿನಿಂದ ನನಗೂ ಲಾಭವಾಯಿತು. ಮಕ್ಕಳು ನಕ್ಷೆ ಬಿಡಿಸುವಾಗಲೇ ತಪ್ಪು ಅಂಕಿಗಳು ಎದ್ದು ಕಾಣುತ್ತಿದ್ದವು. "ಇವತ್ತು ಒಂದೇ ಸಲಕ್ಕೆ ಇಷ್ಟು ತಣ್ಣಗಾಗ್ಲಿಕ್ಕೆ ಸಾಧ್ಯ ಇಲ್ಲ, ಥರ್ಮಾಮೀಟರ್ ನೋಡಿ" ಎಂದವಳು ಏಳನೇ ತರಗತಿಯ ಹುಡುಗಿ. ನೋಡಿದರೆ ಪಾದರಸದ ಗೆರೆ ನಡುವೆ ತುಂಡಾಗಿತ್ತು.

ಎಲ್ಲಕ್ಕಿಂತ ದೊಡ್ಡ ತೊಡಕು ಬಂದದ್ದು ನೋಟ್‌ಬುಕ್ಕುಗಳನ್ನು ಕಂಪ್ಯೂಟರಿಗೆ ಏರಿಸಿದ ಮೇಲೆ. ನಮ್ಮ ಜಿಲ್ಲೆಯಲ್ಲಿ ಮಳೆ ಜೋರಾದರೆ ಶಾಲೆಗೆ ರಜೆ ಕೊಡುತ್ತಾರೆ. ಕೊಡಲೇಬೇಕು. ಆದರೆ ರಜೆಯ ದಿನ ಅಂಕಿ ಇಲ್ಲ. ಅಂದರೆ ಹಳ್ಳ ತುಂಬಿ ಹರಿಯುವ, ಮಣ್ಣೂ ತಾಮ್ರವೂ ಜಾಸ್ತಿ ಇಳಿಯಬಹುದಾದ ದಿನಗಳೇ ಲೆಕ್ಕದಲ್ಲಿ ಖಾಲಿ. ಸಾಧಾರಣವಾಗಿ ಖಾಲಿ ಜಾಗಕ್ಕೆ ಸರಾಸರಿ ತುಂಬಿ ಮುಂದೆ ಹೋಗುತ್ತಾರೆ. ಕಾರವಾರದ ಗೆಳತಿ ಅದನ್ನು ತಡೆದಳು. ಅವಳು ಓದಿದ್ದು ಕಂಪ್ಯೂಟರ್ ಸೈನ್ಸು, ಹುಳುಗಳ ಗಂಧವೇ ಅವಳಿಗಿರಲಿಲ್ಲ. "ಅಂಕಿ ಯಾಕೆ ಇಲ್ಲ ಅನ್ನೋದು ಆ ಅಂಕಿ ಎಷ್ಟಿರಬಹುದು ಅನ್ನೋದರ ಮೇಲೇ ನಿಂತಿದೆ. ಸರಾಸರಿ ತುಂಬಿದರೆ ಮಳೆಗಾಲವನ್ನೇ ಅಳಿಸಿದ ಹಾಗೆ" ಎಂದಳು. ನೀರಿನ ಮಟ್ಟ ಗೊತ್ತಿದ್ದರೆ ಅದರಿಂದ ಕದಡನ್ನು ಅಂದಾಜು ಮಾಡುವ ಒಂದು ಮಾದರಿಯನ್ನು ಆರ್ ಭಾಷೆಯಲ್ಲಿ ಬರೆದುಕೊಟ್ಟಳು. ಆಫೀಸು ಮುಗಿಸಿ ರಾತ್ರಿ ಕೂತು ಬರೆದದ್ದು. ಆರ್ ಉಚಿತ ತಂತ್ರಾಂಶ, ಯಾರ ಪರವಾನಗಿಗೂ ದುಡ್ಡು ಕೊಡಬೇಕಾಗಿಲ್ಲ. ಅದನ್ನು ಕಟ್ಟಿ ಜಗತ್ತಿಗೆ ಬಿಟ್ಟುಕೊಟ್ಟವರಿಗೂ ಇಲ್ಲಿಂದಲೇ ಒಂದು ನಮಸ್ಕಾರ.

ಆದರೆ ಮಾದರಿಗೆ ಆ ರಜೆ ದಿನಗಳ ನೀರಿನ ಮಟ್ಟವಾದರೂ ಬೇಕಲ್ವಾ? ತುಂಬಿದ ಹಳ್ಳದ ಹತ್ತಿರ ಯಾರನ್ನೂ ಕಳಿಸುವ ಮಾತೇ ಇಲ್ಲ. ಉಪಾಯ ಹೊಳೆದದ್ದು ಸಂಕದ ಪಕ್ಕದ ಮನೆಯ ಅಮ್ಮನಿಗೆ. ಸಂಕದ ಕಂಬಕ್ಕೆ ದೊಡ್ಡದಾಗಿ ಬಣ್ಣದ ಗೆರೆ ಹಾಕು, ಜಗುಲಿಯಲ್ಲಿ ಕೂತೇ ನೋಡಿ ಬರೆದಿಡುತ್ತೇನೆ ಎಂದರು. ಬೇರೆ ಹಳ್ಳಗಳಲ್ಲೂ ಹಾಗೇ ಮಾಡಿದೆವು. ಆ ಅಮ್ಮ ಪಂಚಾಂಗದ ಅಂಚಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ಕನ್ನಡ ಅಂಕಿಯಲ್ಲಿ ಹಳ್ಳದ ಮಟ್ಟ ಬರೆದಿದ್ದಾರೆ. ಬೆಳಿಗ್ಗೆ ಒಂದು, ಸಂಜೆ ಒಂದು. ಆರಿದ್ರಾ ಮಳೆಯ ದಿನಗಳಲ್ಲಿ ಕರೆಂಟು ಇಲ್ಲದಾಗಲೂ ತಪ್ಪಿಸಿಲ್ಲ. ಪ್ರಬಂಧದ ಐದನೆಯ ಅಧ್ಯಾಯ ನಿಂತಿರುವುದೇ ಆ ಪಂಚಾಂಗದ ಮೇಲೆ. ಅಮ್ಮಾ, ನಿಮಗೆ ದೊಡ್ಡ ನಮಸ್ಕಾರ.

ಕೊನೆಗೆ ಹಳ್ಳಗಳು ಹೇಳಿದ್ದೇನು? ತೋಟಕ್ಕೂ ಹಳ್ಳಕ್ಕೂ ನಡುವೆ ಒಂದಿಷ್ಟು ಮರ, ತರಗೆಲೆ ಉಳಿಸಿಕೊಂಡ ಕಡೆ ನೀರು ತಣ್ಣಗಿತ್ತು, ಸ್ಟೋನ್‌ಫ್ಲೈ ಮರಿಗಳು ಉಳಿದಿದ್ದವು, ಔಷಧಿ ಹೊಡೆದ ಮೇಲೆ ನೀರಿಗೆ ಬಂದ ತಾಮ್ರವೂ ಕಡಿಮೆ ಇತ್ತು. ಕೊಳೆತ ಎಲೆಯ ಅಂಶಕ್ಕೆ ತಾಮ್ರವನ್ನು ಹಿಡಿದಿಡುವ ಗುಣ ಇದೆ. ದಂಡೆ ಬೋಳಾದ ಕಡೆ ಹೀಗಿರಲಿಲ್ಲ. ಔಷಧಿ ಬಿಟ್ಟುಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆ ಮರಗಳನ್ನು ಕಡಿಯಬೇಡಿ ಎಂದು ಮಾತ್ರ ಕೈಮುಗಿದು ಕೇಳುತ್ತೇನೆ.

ಅಘನಾಶಿನಿ ಕಡಲು ಸೇರುವ ಅಳಿವೆಯಲ್ಲಿ ಬಳಚು (ಕೆಸರಿನ ಚಿಪ್ಪುಜೀವಿ) ಆರಿಸುವ ಅಕ್ಕಂದಿರನ್ನು ಮರೆತಿಲ್ಲ. ಆ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಹಳ್ಳದ ಕೆಲಸಕ್ಕೂ ಅಳಿವೆಗೂ ಏನು ಸಂಬಂಧ ಎಂದು ಕೆಲವರು ಕೇಳಿದ್ದರು. ಇಳಿತದ ಹೊತ್ತಿಗೆ ಕೆಸರಿನಲ್ಲಿ ನಿಂತು, ಮೇಲಿನಿಂದ ಸಿಹಿನೀರು ಹೇಗೆ ಬರುತ್ತದೋ ಬಳಚಿನ ವರ್ಷವೂ ಹಾಗೇ ಎಂದು ನನಗೆ ತೋರಿಸಿಕೊಟ್ಟವರು ಅವರು.

ನಡುವೆ ಫೆಲೋಶಿಪ್ ಹಣ ತಿಂಗಳುಗಟ್ಟಲೆ ಬರಲಿಲ್ಲ. ಆಗ ಶಿರಸಿಯ ಬಾಡಿಗೆ ಮನೆಯ ಅಕ್ಕ ಬಾಡಿಗೆ ಕೇಳಲಿಲ್ಲ. ಮಧ್ಯಾಹ್ನ ತಂಬುಳಿ, ಅನ್ನ ತಾವೇ ತಂದಿಡುತ್ತಿದ್ದರು. ನಮ್ಮ ಆಯಿ ಹಾಲಿನ ದುಡ್ಡು ಕೂಡಿಸಿ ನೀರಿನ ಮಾದರಿಗಳ ಲ್ಯಾಬ್ ಖರ್ಚು ಕೊಟ್ಟಳು. ಯಾಕೆ, ಏನು ಎಂದು ಒಂದು ಮಾತು ಕೇಳಲಿಲ್ಲ. ನನ್ನ ಗೈಡ್ ಮೇಡಂ ಈ ಕನ್ನಡದ ಕೆಲಸಗಳಿಗೆಲ್ಲ ಸಮಯ ಕೊಟ್ಟರು, ಮಕ್ಕಳ ಅಂಕಿಗಳನ್ನು ನಂಬಬಹುದು ಎಂದು ಸಮಿತಿಯ ಮುಂದೆ ನನ್ನ ಪರ ವಾದಿಸಿದರು.

ಶಾಲೆಗಳ ನೋಟ್‌ಬುಕ್ಕುಗಳನ್ನೂ ಅಮ್ಮನ ಪಂಚಾಂಗವನ್ನೂ ಸ್ಕ್ಯಾನ್ ಮಾಡಿ ಆಗಿದೆ. ಮುಂದಿನ ವಾರದಿಂದ ಒಂದೊಂದಾಗಿ ವಾಪಸು ತಂದುಕೊಡುತ್ತೇನೆ. ಜೊತೆಗೆ ಪ್ರಬಂಧದ ಸಾರವನ್ನು ಕನ್ನಡದಲ್ಲಿ ಬರೆದ ಸಣ್ಣ ಪುಸ್ತಿಕೆಯೂ ಇರುತ್ತದೆ. ಅದರಲ್ಲಿ ಪ್ರತಿ ಹಳ್ಳದ ನಕ್ಷೆಯ ಕೆಳಗೆ ಅದನ್ನು ಅಳೆದ ಶಾಲೆಯ ಹೆಸರಿದೆ. ಕದಡಿನ ಮೀಟರು ಅಕ್ಕೋರ ಶಾಲೆಯಲ್ಲೇ ಇರಲಿ. ಮಳೆ ಹಿಡಿಯುವ ಮುಂಚೆ ಅದನ್ನು ಒಮ್ಮೆ ಸರಿನೋಡಿ ಕೊಡುತ್ತೇನೆ ಎಂದು ಸರ್ ಒಪ್ಪಿದ್ದಾರೆ. ಯಾರ ಮನೆಗಾದರೂ ಪುಸ್ತಿಕೆ ತಲುಪದಿದ್ದರೆ ದಯವಿಟ್ಟು ಹೇಳಿ ಕಳಿಸಿ, ನಾನೇ ತಂದುಕೊಡುತ್ತೇನೆ.